ಚಿಕ್ಕಪ್ಪನ ಕೊಬ್ಬು

ಮೂಡಿಗೆರೆ ಕಡೆ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಚಿಕ್ಕಪ್ಪ, ಗ್ಯಾಸ್ಟ್ರಿಕ್ ಅಂತ ಚಿಕ್ಕಮಗಳೂರಿಗೆ ಹೋಗಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ರಿಪೋರ್ಟಿನ ಕೊನೆಯಲ್ಲಿ ಮಾತ್ರ ಒಂದು ಸಾಲಿತ್ತು: ಬಲ ಕಿಡ್ನಿಯಲ್ಲಿ 2 ಸೆಂಟಿಮೀಟರಿನ ಮಾಸ್. ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಾಸ್ ಅಂದರೆ ಗಂಟು, ಅಷ್ಟೇ. ಅದರೊಳಗೆ ಏನಿದೆ ಅಂತ ಆ ಪದ ಹೇಳುವುದಿಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಆ ಗಂಟು ಬೆಳ್ಳಗೆ ಕಂಡಿತ್ತು. ಕೊಬ್ಬಿದ್ದರೆ ಹಾಗೆ ಕಾಣುತ್ತದೆ. ಆದರೆ ಕೆಲವು ಸಣ್ಣ ಕ್ಯಾನ್ಸರ್ ಗಡ್ಡೆಗಳೂ ಹಾಗೇ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಅದಕ್ಕೇ ಹಾಸನದಲ್ಲಿ ಸಿಟಿ ಸ್ಕ್ಯಾನ್ ಆಯಿತು. ಸಿಟಿ ಯಂತ್ರ ದೇಹದ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100. ಇದಕ್ಕೆ ಹೌನ್ಸ್‌ಫೀಲ್ಡ್ ಅಳತೆ ಅನ್ನುತ್ತಾರೆ. ಸಿಟಿ ರೂಪಿಸಿದ್ದಕ್ಕೆ 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಹೆಸರು ಅದು.

ಚಿಕ್ಕಪ್ಪನ ಗಂಟಿನ ಅಂಕಿ ಮೈನಸ್ 70, ಅಂದರೆ ಅದರೊಳಗೆ ಕೊಬ್ಬಿದೆ. ಕಿಡ್ನಿ ಕ್ಯಾನ್ಸರಿನಲ್ಲಿ ಕೊಬ್ಬು ಸಿಗುವುದು ತೀರಾ ಅಪರೂಪ. ಇದು ಆಂಜಿಯೋಮಯೋಲೈಪೋಮಾ: ರಕ್ತನಾಳ, ಸ್ನಾಯು, ಕೊಬ್ಬು ಸೇರಿ ಆದ ನಿರಪಾಯದ ಗಡ್ಡೆ. "ನಿಮಗೆ ಕೊಬ್ಬು ಜಾಸ್ತಿ ಅಂತ ನಾನು ಯಾವಾಗಲೋ ಹೇಳಿದ್ದೆ ಅಲ್ವಾ" ಅಂದರು ಚಿಕ್ಕಮ್ಮ. ಮೂರು ದಿನದ ಮೇಲೆ ಮನೆಯಲ್ಲಿ ನಗು ಕೇಳಿದ್ದು ಆಗಲೇ.

ಸ್ಕ್ಯಾನಿನಲ್ಲಿ ಗಂಟು ಕಂಡರೂ ಕೆಲವು ಸಲ ಗಡ್ಡೆಯೇ ಇರುವುದಿಲ್ಲ. ಎಡ ಕಿಡ್ನಿಯನ್ನು ಪಕ್ಕದ ಗುಲ್ಮ (ಸ್ಪ್ಲೀನ್) ಒತ್ತಿ ಒಂದು ಡುಬ್ಬ ಎದ್ದಿರುತ್ತದೆ. ವೈದ್ಯರು ಅದನ್ನು ಒಂಟೆ ಡುಬ್ಬಕ್ಕೇ ಹೋಲಿಸುತ್ತಾರೆ. ಇನ್ನು ಕೆಲವರಲ್ಲಿ ಕಿಡ್ನಿಯ ಹೊರಪದರವೇ ದಪ್ಪಗೆ ಒಳಗೆ ಚಾಚಿ ಗಂಟಿನ ಹಾಗೆ ಕಾಣುತ್ತದೆ. ಬಣ್ಣದ ಔಷಧಿ ಕೊಟ್ಟು ಸಿಟಿ ಮಾಡಿದರೆ, ಎರಡೂ ಉಳಿದ ಕಿಡ್ನಿಯ ಹಾಗೇ ಬೆಳಗುತ್ತವೆ. ಐವತ್ತು ದಾಟಿದವರ ಕಿಡ್ನಿಯಲ್ಲಿ ನೀರುಗುಳ್ಳೆ (ಸಿಸ್ಟ್) ಮಾಮೂಲು. ಗೋಡೆ ತೆಳ್ಳಗಿದ್ದು, ಒಳಗೆ ಬರೀ ನೀರಿದ್ದರೆ ಸುಮ್ನೆ ಬಿಡಬಹುದು. ಕೀವು ಕಟ್ಟಿದ ಸೋಂಕೂ ಗಡ್ಡೆಯ ವೇಷ ಹಾಕುತ್ತದೆ. ಅದು ಔಷಧಿಗೆ ಕರಗಿತೇ ಅಂತ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು.

ನಿಜಕ್ಕೂ ಸತಾಯಿಸುವುದು ಆಂಕೋಸೈಟೋಮಾ. ಅಪಾಯವಿಲ್ಲದ ಗಡ್ಡೆಯೇ, ಆದರೆ ಸ್ಕ್ಯಾನಿನಲ್ಲಿ ಕ್ಯಾನ್ಸರಿನಿಂದ ಬೇರೆ ಮಾಡುವುದು ಕಷ್ಟ. ಎಷ್ಟೋ ಸಲ ಆಪರೇಷನ್ ಮಾಡಿ ತೆಗೆದ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗಲೇ ಗೊತ್ತಾಗುವುದು.

ಚಿಕ್ಕಪ್ಪನ ಗಂಟಿಗೆ ಸದ್ಯ ಚಿಕಿತ್ಸೆ ಬೇಡ. 4 ಸೆಂಟಿಮೀಟರ್ ದಾಟಿದರೆ ರಕ್ತ ಸೋರುವ ಭಯ ಹೆಚ್ಚು, ಹಾಗಾಗಿ ಆಗಾಗ ಅಳೆಯಬೇಕು. ಮುಂದಿನ ಸ್ಕ್ಯಾನಿಂಗ್ ಕಾಫಿ ಕೊಯ್ಲು ಮುಗಿದ ಮೇಲೆ.