ಆಫ್ ಆಗಿದೆ ನಿಜ, ಕರೆಂಟ್ ಹೋಗಿಲ್ಲ

"ಅಣ್ಣಾ, ಲ್ಯಾಪ್‌ಟಾಪ್ ಮೇಲೆ ನೀರು ಬಿದ್ದ ತಕ್ಷಣ ಶಟ್‌ಡೌನ್ ಮಾಡ್ಬಿಟ್ಟೆ. ಆಮೇಲೆ ನಾಲ್ಕು ದಿನ ಮುಟ್ಟೇ ಇಲ್ಲ, ಫ್ಯಾನ್ ಕೆಳಗೆ ಒಣಗೋಕೆ ಇಟ್ಟಿದ್ದೆ."

ನನ್ನ ರಿಪೇರಿ ಅಂಗಡಿಗೆ ಬಂದವಳು ಪ್ರಬಂಧ ಮುಗಿಸುವ ಅವಸರದಲ್ಲಿದ್ದ ಹುಡುಗಿ. ತನಗೆ ತಿಳಿದದ್ದನ್ನೆಲ್ಲ ಮಾಡಿದ್ದೇನೆ ಎಂಬ ಧೈರ್ಯ ಮುಖದಲ್ಲಿತ್ತು. ತಳದ ಸ್ಕ್ರೂ ಬಿಚ್ಚಿ ಕವರ್ ಎತ್ತಿದೆ. ಪವರ್ ಬಟನ್ನಿನ ಕೇಬಲ್ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಸೇರುವ ಕಡೆ ಪಾಚಿಯಂಥ ಹಸಿರು ತುಕ್ಕು ಹತ್ತಿಕೊಂಡಿತ್ತು. ಪಕ್ಕದ ಎರಡು ಕೆಪಾಸಿಟರ್‌ಗಳ (ಕರೆಂಟ್ ಹಿಡಿದಿಡುವ ಪುಟ್ಟ ಬಿಡಿಭಾಗಗಳು) ತುದಿ ತಿಂದುಹೋಗಿತ್ತು. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗೆ (ಬೋರ್ಡಿನ ಸೊನ್ನೆ ವೋಲ್ಟ್ ಜಾಗಕ್ಕೆ), ಕೆಂಪು ಕಡ್ಡಿಯನ್ನು ಆ ಹಸಿರಿನ ಅಂಚಿಗೆ ತಾಗಿಸಿ ಮೀಟರನ್ನು ಅವಳ ಕಡೆ ತಿರುಗಿಸಿದೆ. 3.3 ವೋಲ್ಟ್.

"ಆದ್ರೆ ಆಫ್ ಆಗಿದೆಯಲ್ಲಣ್ಣಾ?"

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಹೀಗೆ ಬರುವ ಬೋರ್ಡ್‌ಗಳಲ್ಲಿ ಹೆಚ್ಚಿನವನ್ನು ಮೊದಲ ದಿನವೇ ತಂದಿದ್ದರೆ ಸುಲಭವಾಗಿ ಉಳಿಸಬಹುದಿತ್ತು.

ಲ್ಯಾಪ್‌ಟಾಪಿನ ಪವರ್ ಬಟನ್ ಗೋಡೆಯ ಸ್ವಿಚ್ಚಿನಂಥದ್ದಲ್ಲ. ಗೋಡೆಯ ಸ್ವಿಚ್ ತಂತಿಯನ್ನೇ ಕಡಿಯುತ್ತದೆ. ಪವರ್ ಬಟನ್ ಏನನ್ನೂ ಕಡಿಯುವುದಿಲ್ಲ, "ಒತ್ತಿದ್ದಾರೆ" ಎಂದು ಒಳಗಿನ ಒಂದು ಚಿಕ್ಕ ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಆ ಚಿಪ್ಪನ್ನು ಎಂಬೆಡೆಡ್ ಕಂಟ್ರೋಲರ್ ಅನ್ನುತ್ತೇವೆ, ಬಾಯಿಮಾತಿನಲ್ಲಿ ಇಸಿ. ನಾಳೆ ಬೆಳಿಗ್ಗೆ ನೀವು ಬಟನ್ ಒತ್ತಿದರೆ ಯಂತ್ರ ಏಳಬೇಕು ತಾನೆ? ಏಳಬೇಕಾದರೆ ಒತ್ತಿದ್ದು ಯಾರಿಗಾದರೂ ತಿಳಿಯಬೇಕಲ್ಲ? ಹಾಗೆ ತಿಳಿಯುವವರು ರಾತ್ರಿಯಿಡೀ ಎಚ್ಚರವಿರಬೇಕು. ಅದಕ್ಕೇ ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲ ನಿಂತ ಮೇಲೂ ಬ್ಯಾಟರಿಯಿಂದ ಇಸಿಗೆ, ಬಟನ್ನಿನ ಸಾಲಿಗೆ (ಅದರ ಕರೆಂಟ್ ಹರಿಯುವ ದಾರಿಗೆ), ಚಾರ್ಜಿಂಗ್ ಚಿಪ್ಪಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ನಂಬಿಕೆ ಬರದಿದ್ದರೆ ಆಫ್ ಆಗಿರುವ ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿ ನೋಡಿ. ಹೆಚ್ಚಿನವುಗಳಲ್ಲಿ ಒಂದು ಪುಟ್ಟ ದೀಪ ಹತ್ತುತ್ತದೆ. ಎಲ್ಲವೂ ಸತ್ತಿದ್ದರೆ ಅದನ್ನು ಹೊತ್ತಿಸಿದವರು ಯಾರು? ಗಡಿಯಾರವೂ ಹಾಗೆಯೇ. 32,768 ಹರ್ಟ್ಜ್‌ನಲ್ಲಿ ಮಿಡಿಯುವ ಹರಳೊಂದು ಸದಾ ಓಡುತ್ತಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆ ಬೇರೆಯೇ ಗುಂಡಿ ಬ್ಯಾಟರಿ ಇರುತ್ತದೆ, ಇನ್ನು ಕೆಲವು ದೊಡ್ಡ ಬ್ಯಾಟರಿಯಿಂದಲೇ ಎಳೆದುಕೊಳ್ಳುತ್ತವೆ.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಕರೆಂಟ್ ಬಿಲ್ಲಿನದು. ಅದರ ಚಿಂತೆ ಬೇಡ. 50 ವ್ಯಾಟ್-ಅವರ್ ಬ್ಯಾಟರಿ ಆಫ್ ಆಗಿದ್ದೂ ವಾರಕ್ಕೆ ಶೇಕಡಾ 5ರಷ್ಟು ಇಳಿಯಿತು ಎಂದುಕೊಳ್ಳಿ. ಎರಡೂವರೆ ವ್ಯಾಟ್-ಅವರ್ ಆಯಿತು, ಅಂದರೆ ಸರಾಸರಿ 15 ಮಿಲಿವ್ಯಾಟ್. ಲ್ಯಾಪ್‌ಟಾಪ್ ತೆಗೆದು ಚಾರ್ಜರನ್ನಷ್ಟೇ ಪ್ಲಗ್‌ನಲ್ಲಿ ಬಿಟ್ಟರೂ ದೊಡ್ಡ ಲೆಕ್ಕವೇನಿಲ್ಲ: ಯುರೋಪಿಯನ್ ಒಕ್ಕೂಟದಲ್ಲಿ 2020ರಲ್ಲಿ ಜಾರಿಗೆ ಬಂದ ನಿಯಮದಂತೆ 49 ವ್ಯಾಟ್ ಮೀರಿದ, 250 ವ್ಯಾಟ್‌ವರೆಗಿನ ಲ್ಯಾಪ್‌ಟಾಪ್ ಚಾರ್ಜರ್ ಹಾಗೆ ಸುಮ್ಮನಿದ್ದಾಗ 0.21 ವ್ಯಾಟ್ ದಾಟುವಂತಿಲ್ಲ. ವರ್ಷವಿಡೀ ಬಿಟ್ಟರೂ ಎರಡು ಯೂನಿಟ್ ತುಂಬುವುದಿಲ್ಲ.

ಆದರೆ ರಾತ್ರಿ ಬೆಳಗಾಗುವುದರೊಳಗೆ ಶೇಕಡಾ 20 ಇಳಿದಿದ್ದರೆ ಅದು ಬೇರೆ ಮಾತು. ಮೊದಲು ನಾನು ಕೇಳುವುದು, ನಿಜಕ್ಕೂ ಶಟ್‌ಡೌನ್ ಮಾಡಿದಿರೋ, ಮುಚ್ಚಳ ಮುಚ್ಚಿದಿರೋ ಎಂದು. ಮುಚ್ಚಳ ಮುಚ್ಚಿದರೆ ಸಾಮಾನ್ಯವಾಗಿ ಅದು ಸ್ಲೀಪ್, ಅಂದರೆ ಅರೆನಿದ್ದೆ, ಆಫ್ ಅಲ್ಲ. ಆಮೇಲೆ, ಆಫ್ ಆದರೂ ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕಿಂಡಿ ಇದೆಯೇ, ಅದರಲ್ಲಿ ಏನಾದರೂ ಸಿಕ್ಕಿಸಿದ್ದಿರಾ ಎಂದು. ಬೇಗ ಆನ್ ಆಗಲೆಂದು ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ಪನ್ನೂ ಜನ ದೂರುತ್ತಾರೆ. ಅದು ಶಟ್‌ಡೌನ್ ಹೊತ್ತಿನಲ್ಲಿ ಸಿಸ್ಟಮ್ಮಿನ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಹಾಗೆ ಬರೆದಿಟ್ಟದ್ದಕ್ಕೆ ಕರೆಂಟ್ ಬೇಕಿಲ್ಲ. ಆದರೂ ಅನುಮಾನವಿದ್ದರೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಪೂರ್ತಿ ಆಫ್ ಆಗುತ್ತದೆ. ಎರಡು ರಾತ್ರಿ ಹಾಗೆ ಮಾಡಿಯೂ ಇಳಿಯುತ್ತಿದ್ದರೆ ತಂದು ತೋರಿಸಿ, ಬೋರ್ಡಿನಲ್ಲಿ ಕರೆಂಟ್ ಸೋರಿಕೆ ಇರಬಹುದು.

ಗಮನಿಸಿ, ಆ "ಪೂರ್ತಿ ಆಫ್"ನಲ್ಲೂ ಇಸಿ ಎಚ್ಚರವಾಗಿಯೇ ಇರುತ್ತದೆ. ನೀರಿನ ವಿಷಯಕ್ಕೆ ಬಂದರೆ ಇದೇ ಮುಖ್ಯ. ನಲ್ಲಿ ನೀರಿನಲ್ಲಿ ಲವಣಗಳಿರುತ್ತವೆ, ಬೋರ್ಡಿನ ಮೇಲಿನ ಧೂಳು, ಕೊಳೆ ಅದಕ್ಕೆ ಸೇರುತ್ತವೆ. ಅಂಥ ಹನಿಯೊಂದು 3.3 ವೋಲ್ಟಿನ ಸಾಲು ಮತ್ತು ಗ್ರೌಂಡಿನ ನಡುವೆ ನಿಂತರೆ ವಿದ್ಯುದ್ವಿಭಜನೆ ಶುರು. ಪಾಸಿಟಿವ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ. ಕೂದಲೆಳೆಯಷ್ಟು ಸಪೂರ ದಾರಿಗಳವು, ಎಷ್ಟು ದಿನ ತಡೆದಾವು? ಬ್ಯಾಟರಿ ಬಿಡಿಸಿದ್ದರೆ ತುಕ್ಕು ನಿಧಾನಕ್ಕೆ ಹಿಡಿಯುತ್ತಿತ್ತು. ಬ್ಯಾಟರಿ ಇದ್ದಾಗ ನಾಲ್ಕು ದಿನವೂ ಬಿಡದೆ ಕೊರೆಯಿತು. ಫ್ಯಾನಿನ ಗಾಳಿ ಚಿಪ್ಪಿನ ಅಡಿಗೆ ಹೋಗುವುದೂ ಇಲ್ಲ.

ಹಾಗಾಗಿ ದ್ರವ ಬಿದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಎಳೆಯಿರಿ. ಶಟ್‌ಡೌನ್ ಮೆನು ಹುಡುಕುತ್ತಾ ಕೂರಬೇಡಿ, ಪವರ್ ಬಟನ್ನನ್ನೇ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಹೊರಗಿನಿಂದ ಬಿಡಿಸುವ ಬ್ಯಾಟರಿಯಾದರೆ ತೆಗೆದಿಡಿ. ಒಳಗಿನದಾದರೆ ಅದೇ ದಿನ ಯಾರಾದರೂ ತಿಳಿದವರ ಕೈಯಲ್ಲಿ ತಳ ಬಿಚ್ಚಿಸಿ ಕನೆಕ್ಟರ್ ಬಿಡಿಸಿ. ನೀವೇ ಬಿಚ್ಚಬಹುದೇ ಎಂದರೆ ಎಲ್ಲರಿಗೂ ಹೌದೆನ್ನಲಾರೆ. ಮಾಡೆಲ್‌ನಿಂದ ಮಾಡೆಲ್‌ಗೆ ಜೋಡಣೆ ಬೇರೆ, ವಾರಂಟಿಯ ಷರತ್ತೂ ಇರಬಹುದು. ಬ್ಯಾಟರಿ ಉಬ್ಬಿದ್ದರೆ, ಬಿಸಿಯಾಗಿದ್ದರೆ ಖಂಡಿತ ಮುಟ್ಟಬೇಡಿ. ಮತ್ತೆ, "ಒಣಗಿದೆಯೇ ನೋಡೋಣ" ಎಂದು ನಡುವೆ ಆನ್ ಮಾಡಬೇಡಿ. ದಯವಿಟ್ಟು ಮಾಡಬೇಡಿ.

ಇದೇ ಸಣ್ಣ ಹರಿವು ಒಣ ಯಂತ್ರವನ್ನೂ ಕೆಡಿಸಬಲ್ಲದು. ಹಿರಿಯರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಶಟ್‌ಡೌನ್ ಮಾಡಿ ಎಂಟು ತಿಂಗಳು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ಈಗ ಚಾರ್ಜೇ ಹಿಡಿಯುತ್ತಿಲ್ಲ. "ಬಳಸದೇ ಇದ್ದದ್ದು ಹೇಗಪ್ಪಾ ಸವೆಯುತ್ತೆ?" ಎಂದು ಕೇಳಿದರು. ಇಡುವಾಗಲೇ ಬ್ಯಾಟರಿ ತಳ ಹಿಡಿದಿತ್ತು. ಉಳಿದದ್ದನ್ನು ಇಸಿ ಹನಿಹನಿಯಾಗಿ ಕುಡಿಯಿತು, ಲಿಥಿಯಂ ಸೆಲ್ ತಾನಾಗಿಯೂ ಒಂದಿಷ್ಟು ಕಳೆದುಕೊಳ್ಳುತ್ತದೆ. ಸೆಲ್ಲಿನ ವೋಲ್ಟೇಜ್ ಮಿತಿಗಿಂತ ಕೆಳಗಿಳಿದರೆ ರಕ್ಷಣಾ ಸರ್ಕ್ಯೂಟ್ ಮತ್ತೆ ಚಾರ್ಜ್ ಮಾಡಲು ಬಿಡುವುದಿಲ್ಲ, ಬಿಡಲೂಬಾರದು. ಹೊಸ ಬ್ಯಾಟರಿ ಹಾಕಿಕೊಟ್ಟೆ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ, ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ.

ಹುಡುಗಿಯ ಎಸ್‌ಎಸ್‌ಡಿ (ಫೈಲುಗಳೆಲ್ಲ ಇರುವ ಭಾಗ) ಸುರಕ್ಷಿತವಾಗಿತ್ತು, ಪ್ರಬಂಧ ಉಳಿಯಿತು. ಕನೆಕ್ಟರ್, ಕೆಪಾಸಿಟರ್ ಬದಲಿಸಿದೆ, ಕೀಬೋರ್ಡ್ ಉಳಿಸಲಾಗಲಿಲ್ಲ. ನಿಮ್ಮದು ಹೀಗೆ ಒದ್ದೆಯಾದರೆ ಏನು ಬಿತ್ತು, ಎಷ್ಟು ಹೊತ್ತಿಗೆ ಬಿತ್ತು, ಬ್ಯಾಟರಿ ಯಾವಾಗ ಬಿಡಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗೇ ತನ್ನಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಬೋರ್ಡಿನಲ್ಲಿ ಎಲ್ಲಿಂದ ಹುಡುಕಬೇಕೆಂದು ನಮಗೆ ತಿಳಿಯುವುದು ಆ ಚೀಟಿಯಿಂದಲೇ.