ಕರಾವಳಿಯ ಶಾಲೆಗಳಲ್ಲಿ ಡ್ರಾಯಿಂಗ್ ಪಿರಿಯೆಡ್: ಲೋಯರ್ ಗ್ರೇಡ್‌ನಿಂದ ಪ್ರಾಜೆಕ್ಟ್‌ವರೆಗೆ

ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ಶಾಲೆಗಳ ವೇಳಾಪಟ್ಟಿಯಲ್ಲಿ ಇಂದಿಗೂ ವಾರಕ್ಕೆ ಒಂದೋ ಎರಡೋ ಕಡೆ ‘ಚಿತ್ರಕಲೆ’ ಎಂದು ಬರೆದಿರುತ್ತದೆ. ಅದೇ ಶಾಲೆಯ ಸಿಬ್ಬಂದಿ ಪಟ್ಟಿಯಲ್ಲಿ ಚಿತ್ರಕಲಾ ಶಿಕ್ಷಕರ ಹೆಸರು ಹುಡುಕಿದರೆ ಹಲವೆಡೆ ಸಿಗುವುದಿಲ್ಲ. ಆದರೂ ವರ್ಷದ ಕೊನೆಗೆ ಮಗುವಿನ ಪ್ರಗತಿಪತ್ರದಲ್ಲಿ ಕಲಾ ಶಿಕ್ಷಣಕ್ಕೊಂದು ಗ್ರೇಡ್ ಬಂದೇ ಬರುತ್ತದೆ. ಇನ್ನೊಂದು ಕಡೆ ವಿಜ್ಞಾನ, ಸಮಾಜ, ಕನ್ನಡ ಎನ್ನದೆ ಎಲ್ಲ ವಿಷಯಗಳಿಗೂ ಪ್ರಾಜೆಕ್ಟ್ ಇದ್ದು, ಚಾರ್ಟ್ ಪೇಪರು, ಥರ್ಮೋಕೋಲು, ಬಣ್ಣದ ಪೆನ್ನುಗಳ ವ್ಯಾಪಾರ ಜೋರಾಗಿದೆ. ಶಾಲೆಯಲ್ಲಿ ಚಿತ್ರಗಳು ಹೆಚ್ಚಾಗಿ, ಚಿತ್ರ ಕಲಿಸುವವರು ಕಡಿಮೆಯಾದ ಈ ಸ್ಥಿತಿ ಒಂದೇ ಆದೇಶದಿಂದ ಬಂದದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಶುರುವಾದ ವ್ಯವಸ್ಥೆಗಳು ಒಂದರ ಮೇಲೊಂದು ಕೂತು ಇದು ಇಷ್ಟು ಗೋಜಲಾಗಿದೆ.

ಬ್ರಿಟಿಷರ ಕಾಲದಲ್ಲಿ ರೇಖಾಚಿತ್ರವನ್ನು ಕಲಿಸುತ್ತಿದ್ದುದು ಮುಖ್ಯವಾಗಿ ಕೈಕಸುಬಿನ ಅಗತ್ಯಕ್ಕೆ. 1850ರಲ್ಲಿ ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಆರಂಭಿಸಿದ ಕಲಾಶಾಲೆಯ ಹಿಂದೆಯೂ ಕುಶಲಕರ್ಮಿಗಳನ್ನು ತಯಾರಿಸುವ ಉದ್ದೇಶವಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಮಂಗಳೂರಿಗೆ 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ ಬಾಸೆಲ್ ಮಿಶನ್, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಾಗ, ಅಳತೆಗೆ ಸರಿಯಾಗಿ ಗೆರೆ ಎಳೆಯಬಲ್ಲ ಕೈಗಳಿಗೆ ಊರಿನಲ್ಲೇ ಕೆಲಸ ಹುಟ್ಟಿತು. ಶತಮಾನದ ಕೊನೆಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಮಾಡುಗಳ ತುಂಬ ಚಿತ್ರ ಬರೆದರು. ಅದನ್ನು ಕತ್ತೆತ್ತಿ ನೋಡುತ್ತ ಎಷ್ಟೋ ತಲೆಮಾರಿನ ಹುಡುಗರು ಬೆಳೆದರು, ಆದರೆ ತರಗತಿಯಲ್ಲಿ ಅವರಿಗೆ ಸಿಕ್ಕಿದ್ದು ಸ್ಕೇಲು ಮತ್ತು ಕೈವಾರ.

1919ರ ಶಾಂತಿನಿಕೇತನದ ಕಲಾಭವನ, 1937ರಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ವಾರ್ಧಾ ಸಮ್ಮೇಳನದಿಂದ ಹೊರಟ ನೂಲು-ನೇಯ್ಗೆಯ ಮೂಲಶಿಕ್ಷಣ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳು, ದಕ್ಷಿಣ ಕನ್ನಡವನ್ನು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ತಂದ 1956ರ ರಾಜ್ಯ ಪುನರ್ವಿಂಗಡಣೆ, ಇವೆಲ್ಲ ದಾಟಿ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ನೆಲೆ ನಿಂತದ್ದು ಡ್ರಾಯಿಂಗ್ ಮಾಸ್ಟ್ರು ಮತ್ತು ಗ್ರೇಡ್ ಪರೀಕ್ಷೆ.

ಈ ಘಟ್ಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿನ ಚರ್ಚೆಗಳಲ್ಲಿ ಅದನ್ನು ಒಂದೋ ಸ್ವರ್ಣಯುಗ ಎನ್ನುತ್ತಾರೆ, ಇಲ್ಲವೇ ಬರೀ ನಕಲು ಎಂದು ತಳ್ಳಿಹಾಕುತ್ತಾರೆ. ಲೋಯರ್ ಮತ್ತು ಹೈಯರ್ ಎಂಬ ಎರಡು ಹಂತದ ಪರೀಕ್ಷೆಗಳಿಗೆ ಕಟ್ಟಿದ ಮಕ್ಕಳು ವಸ್ತುಚಿತ್ರ, ಪ್ರಕೃತಿಚಿತ್ರ, ವಿನ್ಯಾಸ, ಜ್ಯಾಮಿತಿ ಮುಂತಾದವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ಮೇಜಿನ ಮೇಲೆ ಕೊಡಪಾನವನ್ನೂ ಪುಸ್ತಕವನ್ನೂ ಇಟ್ಟು, ಒಂದು ಕಣ್ಣು ಮುಚ್ಚಿ, ಚಾಚಿದ ಕೈಯ ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಎತ್ತರ-ಅಗಲಗಳ ಪ್ರಮಾಣ ಹಿಡಿಯುವುದನ್ನು ಮಾಸ್ಟ್ರು ಪ್ರತಿಯೊಬ್ಬರ ಹಿಂದೆ ನಿಂತು ತೋರಿಸುತ್ತಿದ್ದರು. ಕೊಡಪಾನದ ಬಾಯಿ ವೃತ್ತವೆಂದು ಗೊತ್ತಿದ್ದರೂ ಕಣ್ಣಿಗೆ ಕಾಣುವುದು ದೀರ್ಘವೃತ್ತ. ಗೊತ್ತಿರುವುದನ್ನು ಬಿಟ್ಟು ಕಂಡದ್ದನ್ನು ಬರೆಯುವ ಆ ಪಾಠಕ್ಕೆ ಒಂದಿಡೀ ತಿಂಗಳು ಹೋಗುತ್ತಿತ್ತು. ದಾಸವಾಳದ ಗೆಲ್ಲನ್ನು ಬರೆಯುವಾಗ ಎಲೆ ಕಾಂಡಕ್ಕೆ ಎಲ್ಲಿ, ಹೇಗೆ ಕೂರುತ್ತದೆ ಎಂದು ನೋಡಿದ ಮಗುವಿಗೆ ಜೀವಶಾಸ್ತ್ರದ ಪಾಠ ಅರ್ಧ ಆಗಲೇ ಆಗಿರುತ್ತಿತ್ತು.

ದೋಷಗಳೂ ಕಡಿಮೆಯಿರಲಿಲ್ಲ. ಪರೀಕ್ಷೆಗೆ ಕಟ್ಟದ ಮಕ್ಕಳನ್ನು ಕೇಳುವವರಿರಲಿಲ್ಲ. ಅವರಿಗೆ ಕಪ್ಪುಹಲಗೆಯ ಮೇಲಿನ ಮಾವಿನಹಣ್ಣನ್ನು ನೋಡಿ ಬರೆಯುವುದೇ ಚಿತ್ರಕಲೆ. ‘ಸೀನರಿ’ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಬಳುಕುವ ಹೊಳೆ. ಮಲ್ಪೆಯಲ್ಲಿ ಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಕಡಲು ಕಾಣುವ ಮಗುವೂ ಅದೇ ಎರಡು ಗುಡ್ಡಗಳನ್ನು ಬರೆಯುತ್ತಿತ್ತು. ಯಕ್ಷಗಾನದ ಮುಖವರ್ಣಿಕೆ, ಭೂತದ ಮೊಗ, ಹುಲಿವೇಷದ ಪಟ್ಟೆ, ಹಳೆಯ ಗೋಡೆಗಳ ಕೆಮ್ಮಣ್ಣಿನ ಕಾವಿ ಚಿತ್ತಾರ, ತೆಂಗಿನ ಎಳೆಗರಿಯ ಅಲಂಕಾರ ಇವೆಲ್ಲ ಶಾಲೆಯ ಗೇಟಿನ ಹೊರಗೇ ಇದ್ದವು, ಹೊರಗೇ ಉಳಿದವು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೇಶದ ದೊಡ್ಡ ಕಲಾವಿದರ ಸಾಲಿಗೆ ಸೇರಿದ ಮೇಲೂ ಅವರ ರೇಖೆಗಳನ್ನು ತರಗತಿಯಲ್ಲಿ ಮಕ್ಕಳಿಗೆ ತೋರಿಸಿದ ಶಾಲೆಗಳು ಹೆಚ್ಚಿರಲಾರವು. ಇನ್ನು ಮಾಸ್ಟ್ರ ಸಮಯದ ದೊಡ್ಡ ಪಾಲು ವಾರ್ಷಿಕೋತ್ಸವದ ಪರದೆ, ಗೋಡೆಬರಹ ಮತ್ತು ಪ್ರಶಸ್ತಿಪತ್ರಗಳಲ್ಲಿ ಹೆಸರು ಬರೆಯುವುದಕ್ಕೆ ಹೋಗುತ್ತಿತ್ತು ಎಂಬುದನ್ನೂ ಸೇರಿಸಬೇಕು.

ಈ ಯಾಂತ್ರಿಕತೆಯ ವಿರುದ್ಧ ಬಂದ ಮಾತುಗಳು ನ್ಯಾಯವಾದವೇ ಆಗಿದ್ದವು. 1993ರ ಯಶಪಾಲ್ ಸಮಿತಿ ಮಕ್ಕಳ ಹೊರೆ ಇಳಿಸಬೇಕೆಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಗೆ ಕಲಾ ಶಿಕ್ಷಣದ ಬೋಧಕರ ಪ್ರಸ್ತಾಪವೂ ಬಂತು. ಆದರೆ ಅವರು ಅರೆಕಾಲಿಕರು, ಅದೂ ಮಕ್ಕಳ ಸಂಖ್ಯೆ ನೂರು ದಾಟಿದ ಶಾಲೆಗಳಿಗೆ. ಕನ್ನಡ ಮಾಧ್ಯಮ ಶಾಲೆಗಳ ಹಾಜರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಕರಾವಳಿಯಲ್ಲಿ ಈ ನೂರರ ಗೆರೆಯ ಕೆಳಗೆ ಎಷ್ಟು ಶಾಲೆಗಳು ಉಳಿಯುತ್ತವೆ ಎಂಬುದನ್ನು ಊರಿನವರೇ ಲೆಕ್ಕ ಹಾಕಿಕೊಳ್ಳಬಹುದು. ಅತ್ತ ಪ್ರೌಢಶಾಲೆಗಳಲ್ಲಿ ನಿವೃತ್ತರಾದ ಮಾಸ್ಟ್ರುಗಳ ಜಾಗ, ಮುಖ್ಯವಾಗಿ ಅನುದಾನಿತ ಶಾಲೆಗಳಲ್ಲಿ, ಖಾಲಿಯೇ ಉಳಿಯತೊಡಗಿತು. ಕಲೆ ಎಲ್ಲರಿಗೂ ಬೇಕು ಎಂದು ಕಾಗದದಲ್ಲಿ ಒಪ್ಪಿದ ಕಾಲದಲ್ಲೇ ಅದನ್ನು ಕಲಿಸುವ ಹುದ್ದೆಗಳು ಕರಗಿದವು.

ಆ ಖಾಲಿ ಜಾಗಕ್ಕೆ ಬಂದದ್ದು ಪ್ರಾಜೆಕ್ಟ್. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪದ್ಧತಿಯಲ್ಲಿ ಚಟುವಟಿಕೆಗಳಿಗೆ ಅಂಕ ಸಿಗುವಂತಾಯಿತು. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ 2020ರಿಂದ ಕಲೆಯನ್ನು ಇತರ ವಿಷಯಗಳೊಂದಿಗೆ ಬೆಸೆದ ಪ್ರಾಜೆಕ್ಟ್ ಕಡ್ಡಾಯವಾಯಿತು. ಯೋಚನೆಯಾಗಿ ಇದು ಹಳೆಯ ಕೊಡಪಾನಕ್ಕಿಂತ ಎಷ್ಟೋ ಮುಂದೆ ಇದೆ. ಕೈ, ಕಣ್ಣು, ತಲೆ ಮೂರಕ್ಕೂ ಒಂದೇ ಕೆಲಸದಲ್ಲಿ ಪಾಲು ಸಿಗಬೇಕು ಎಂಬುದೇ ಅದರ ಆಶಯ. ಆದರೆ ಕೆಲಸ ನಡೆಯುವುದು ಮನೆಯಲ್ಲಿ, ರಾತ್ರಿ ಊಟವಾದ ಮೇಲೆ. ತಂದೆ ಥರ್ಮೋಕೋಲ್ ಕತ್ತರಿಸುತ್ತಾರೆ, ತಾಯಿ ಅಂತರ್ಜಾಲದ ಚಿತ್ರ ಅಂಟಿಸುತ್ತಾರೆ, ಮಗು ಹೆಸರು ಬರೆಯುತ್ತದೆ. ಬೆಳಿಗ್ಗೆ ನಲವತ್ತು ಮಾದರಿಗಳಿಗೆ ಅಂಕ ಕೊಡಬೇಕಾದ ಗಣಿತದ ಶಿಕ್ಷಕಿಗೆ ಯಾವುದು ಯಾರ ಕೈಯದ್ದು ಎಂದು ವಿಚಾರಿಸಲು ಪುರುಸೊತ್ತಿರುವುದಿಲ್ಲ. ಅವರ ತರಬೇತಿಯೂ ಅದಕ್ಕಲ್ಲ.

ಅದೇ ಕೆಲಸ ತರಗತಿಯ ಒಳಗೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ದೀಪಾವಳಿಯ ಗೂಡುದೀಪ ಸಾಕು. ಬಿದಿರು ಸೀಳಿ, ಒಂದೇ ಅಳತೆಯ 24 ಕಡ್ಡಿಗಳನ್ನು ಮಾಡಿ, ಆರು ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟುತ್ತವೆ. ಒಂದು ಕಡ್ಡಿ ಅರ್ಧ ಇಂಚು ಗಿಡ್ಡವಾದರೂ ಇಡೀ ಗೂಡು ಓರೆಯಾಗುತ್ತದೆ, ಎಲ್ಲಿ ತಪ್ಪಿತು ಎಂದು ಬಿಚ್ಚಿ ನೋಡಬೇಕಾಗುತ್ತದೆ. ಬಣ್ಣದ ಕಾಗದ ಅಂಟಿಸುವಾಗ ಹಳದಿಯ ಪಕ್ಕ ಯಾವುದು ಕೂರುತ್ತದೆ, ಒಳಗೆ ಬೆಳಕಿಟ್ಟಾಗ ಯಾವ ಬಣ್ಣ ಸಾಯುತ್ತದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಇದಕ್ಕೆ ಎರಡು ಪಿರಿಯೆಡ್ ಸಾಲದು. ನಾಲ್ಕು ವಾರ ಬೇಕು, ಬಿಚ್ಚಿದ್ದನ್ನು ಮತ್ತೆ ಕಟ್ಟಲು ಬಿಡುವ ತಾಳ್ಮೆಯ ಒಬ್ಬರು ಬೇಕು. ಅಂಕಪಟ್ಟಿ ಕೇಳುವುದು ಮುಗಿದ ಗೂಡನ್ನು ಮಾತ್ರ, ಓರೆಯಾದ ಮೊದಲನೆಯದನ್ನಲ್ಲ.

ಕಲಿಸಬಲ್ಲವರು ಇಲ್ಲವೆಂದಲ್ಲ. ಮಂಗಳೂರಿನ ಮಹಾಲಸಾ, ಉಡುಪಿಯ ಚಿತ್ರಕಲಾ ಮಂದಿರದಂಥ ಕಲಾಶಾಲೆಗಳಿಂದ ಕಲಿತು ಬಂದವರು ವಿನ್ಯಾಸ, ಆನಿಮೇಷನ್, ಒಳಾಂಗಣ ಅಲಂಕಾರದ ಕೆಲಸಗಳಿಗೆ ಹೋಗುತ್ತಾರೆ, ಕೆಲವರು ಸಂಜೆ ಮತ್ತು ಭಾನುವಾರ ಖಾಸಗಿ ತರಗತಿ ನಡೆಸುತ್ತಾರೆ. ಹಣ ಕೊಡಬಲ್ಲ ಮನೆಯ ಮಕ್ಕಳು ಅಲ್ಲಿ ಚೆನ್ನಾಗಿಯೇ ಕಲಿಯುತ್ತಾರೆ. ಪ್ರತಿಭಾ ಕಾರಂಜಿಯಲ್ಲಿ ಶಾಲೆಯ ಹೆಸರಿನಲ್ಲಿ ಬಹುಮಾನ ತರುವವರಲ್ಲೂ ಅಂಥವರು ಹಲವರು. ಮಿಕ್ಕ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘವೋ ಊರಿನ ದಾನಿಗಳೋ ಗೌರವಧನ ಕೊಟ್ಟು ಗೌರವ ಶಿಕ್ಷಕರನ್ನು ಇಟ್ಟುಕೊಳ್ಳುವ ರೂಢಿ ಈ ಜಿಲ್ಲೆಗಳಲ್ಲಿ ಹೊಸತೇನಲ್ಲ. ಅದೂ ಮೊದಲು ಸಲ್ಲುವುದು ಇಂಗ್ಲಿಷಿಗೆ, ಆಮೇಲೆ ಕಂಪ್ಯೂಟರಿಗೆ. ಚಿತ್ರಕಲೆಯ ಸರದಿ ಬರುವಷ್ಟರಲ್ಲಿ ಸಂಘದ ಆ ವರ್ಷದ ಹಣ ಬಹುತೇಕ ಮುಗಿದಿರುತ್ತದೆ.