ಕೆಸರಿಗೆ ಎಷ್ಟು ದೊಡ್ಡ ಟೈರ್ ಬೇಕು?

ಆಫ್‌ರೋಡ್ ಟ್ರಕ್ಕಿಗೆ ಮಡ್ ಟೈರ್ ಹುಡುಕುವವರ ತಲೆಯಲ್ಲಿ ಎರಡು ನಂಬಿಕೆ ಗಟ್ಟಿಯಾಗಿ ಕೂತಿರುತ್ತವೆ. ಗಾಡಿ ಭಾರವಿದ್ದಷ್ಟೂ ಹಿಡಿತ ಜಾಸ್ತಿ ಅನ್ನುವುದು ಒಂದು. ಟೈರ್ ಅಗಲವಿದ್ದಷ್ಟೂ ನೆಲಕ್ಕೆ ತಾಗುವ ಜಾಗ ಜಾಸ್ತಿ ಅನ್ನುವುದು ಇನ್ನೊಂದು. ಕೇಳಲು ಎರಡೂ ಸರಿ ಅನ್ನಿಸುತ್ತವೆ. ಕೆಸರಿಗೆ ಇಳಿದಾಗ ಎರಡೂ ಕೈಕೊಡುತ್ತವೆ. ಇವನ್ನೇ ನಂಬಿ ಟೈರಿಗೆ ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಸರಿಯಾದ ಉತ್ತರ ಸಿಕ್ಕು ಸುಮಾರು 250 ವರ್ಷವಾಯಿತು.

ಉತ್ತರ ಕೊಟ್ಟವನು ಷಾರ್ಲ್ ಕೂಲಂಬ್. ವಿದ್ಯುತ್ತಿನ ನಿಯಮದಿಂದ ಅವನ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವನು ಫ್ರೆಂಚ್ ಸೇನೆಯ ಎಂಜಿನಿಯರ್. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದ. ಗೋಡೆಯ ಹಿಂದೆ ತುಂಬಿದ ಮಣ್ಣು ಯಾವಾಗ ಜಾರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅವನಿಗೆ ದಿನನಿತ್ಯದ ತಲೆನೋವು. ಘರ್ಷಣೆಯ ಬಗ್ಗೆ ಅಷ್ಟು ಹೊತ್ತಿಗೆ ಗೊತ್ತಿದ್ದದ್ದು 1699ರಲ್ಲಿ ಫ್ರೆಂಚ್ ವಿಜ್ಞಾನಿ ಅಮೊಂತೋ ಹೇಳಿದ ನಿಯಮ: ಘರ್ಷಣೆ ಭಾರವನ್ನು ಅವಲಂಬಿಸುತ್ತದೆ, ತಾಗುವ ಜಾಗವನ್ನಲ್ಲ. ಮಣ್ಣಿಗೆ ಇಷ್ಟೇ ಸಾಲದು ಅಂತ ಕೂಲಂಬ್ 1773ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಮಣ್ಣಿನ ಬಲಕ್ಕೆ ಎರಡು ಮೂಲಗಳಿವೆ. ಕಣಗಳು ಒಂದಕ್ಕೊಂದು ಉಜ್ಜುವುದರಿಂದ ಬರುವ ಬಲ ಮೇಲಿನ ಭಾರದ ಜೊತೆ ಏರುತ್ತದೆ. ಕಣಗಳು ಅಂಟಿಕೊಂಡಿರುವುದರಿಂದ ಬರುವ ಬಲಕ್ಕೆ ಭಾರದ ಹಂಗಿಲ್ಲ. ಎಷ್ಟು ಜಾಗ ಅಂಟಿದೆ ಅನ್ನುವುದಷ್ಟೇ ಅಲ್ಲಿ ಲೆಕ್ಕ.

ಒಣ ಮರಳಿನಲ್ಲಿ ಉಜ್ಜುವ ಬಲವೇ ಎಲ್ಲ. ನೀರು ತುಂಬಿದ ಜೇಡಿಮಣ್ಣಿನಲ್ಲಿ ಅಂಟಿನ ಬಲವೇ ಎಲ್ಲ. ಯಾಕೆ? ಕೆಸರಿನ ಮೇಲೆ ಗಾಲಿ ಬಂದಾಗ ಹೆಚ್ಚಿನ ಭಾರವನ್ನು ಹೊರುವುದು ಮಣ್ಣಿನ ಕಣಗಳಲ್ಲ, ಅವುಗಳ ಸಂದಿಯಲ್ಲಿ ಸಿಕ್ಕಿಬಿದ್ದ ನೀರು. ಗಾಲಿ ಹಾದುಹೋಗುವ ಅರೆಕ್ಷಣದಲ್ಲಿ ಆ ನೀರಿಗೆ ಹೊರಬರಲು ಪುರಸೊತ್ತಿಲ್ಲ. ಕಣಗಳು ಒತ್ತಿಕೊಳ್ಳುವುದೇ ಇಲ್ಲ, ಹಾಗಾಗಿ ಉಜ್ಜುವುದೂ ಇಲ್ಲ. ಮೇಣ ಹಚ್ಚಿದ ಇಸ್ಪೀಟ್ ಕಟ್ಟಿನ ಹಾಗೆ ಒಂದು ಪದರದ ಮೇಲೆ ಇನ್ನೊಂದು ಜಾರುತ್ತದೆ. ಈಗ ಟ್ರಕ್ಕಿನ ಹಿಂಭಾಗಕ್ಕೆ ಮರಳು ಮೂಟೆ ಹೇರಿದರೆ ಏನಾಗುತ್ತದೆ? ಹಿಡಿತ ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. ಗಾಲಿ ಮಾತ್ರ ಇನ್ನಷ್ಟು ಹೂತುಹೋಗುತ್ತದೆ.

ಹಾಗಾದರೆ ಬೇಕಾದದ್ದು ಜಾಗ. ಅಗಲದ ಟೈರ್ ಹಾಕಿದರೆ ಆಯಿತಲ್ವಾ? ಇಲ್ಲ. ಜಾಗ ನಿರ್ಧಾರವಾಗುವುದು ಮುಖ್ಯವಾಗಿ ಒಳಗಿನ ಗಾಳಿಯಿಂದ. ಒಂದು ಗಾಲಿಯ ಮೇಲೆ 500 ಕಿಲೋ ಭಾರ ಇದೆ ಅಂತಿಟ್ಟುಕೊಳ್ಳಿ. ಟೈರಿನಲ್ಲಿ 35 ಪಿಎಸ್‌ಐ ಗಾಳಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 200 ಚದರ ಸೆಂಟಿಮೀಟರ್. ಟೈರಿನ ಗೋಡೆಯ ಬಿಗಿತದಿಂದ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ಅದೇ ಗಾಳಿಯ ಒತ್ತಡದಲ್ಲಿ ಅಗಲದ ಟೈರ್ ಹಾಕಿದರೆ ಟೈರ್ ನೆಲದ ಮೇಲೆ ಒತ್ತುವ ಗುರುತು ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಟ್ಟು ಜಾಗ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿ ನೋಡಿ, ಜಾಗ 470ರ ಹತ್ತಿರ ಹೋಗುತ್ತದೆ! ಬಿಡಿಗಾಸು ಖರ್ಚಿಲ್ಲದೆ ಎರಡು ಪಟ್ಟಿಗೂ ಜಾಸ್ತಿ.

ದೊಡ್ಡ ಟೈರಿನ ನಿಜವಾದ ಲಾಭ ಇಲ್ಲಿದೆ. ಅದರಲ್ಲಿ ಗಾಳಿ ಹೆಚ್ಚು ಹಿಡಿಸುತ್ತದೆ, ಗೋಡೆ ಎತ್ತರ ಇರುತ್ತದೆ. ಗಾಳಿ ಇಳಿಸಿದರೂ ರಿಮ್ ಕಲ್ಲಿಗೆ ಬಡಿಯುವ ಭಯ ಕಮ್ಮಿ. ಆದ್ದರಿಂದ 35 ಇಂಚು ಎತ್ತರದ ಟೈರಿಗೆ 20 ಇಂಚಿನ ರಿಮ್ ಹಾಕಿಸಿಕೊಳ್ಳುವುದು ನನ್ನ ಪ್ರಕಾರ ಬರೀ ಶೋಕಿ. 15 ಅಥವಾ 17 ಇಂಚಿನ ರಿಮ್ ಇದ್ದರೆ ರಬ್ಬರಿಗೆ ಬಾಗಲು ಜಾಗ ಇರುತ್ತದೆ.

ಎತ್ತರದಿಂದ ಇನ್ನೊಂದು ಉಪಯೋಗವಿದೆ. ಗಾಳಿ ಇಳಿಸಿದ ಎತ್ತರದ ಟೈರ್ ನೆಲದ ಮೇಲೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಉದ್ದ ಮತ್ತು ಅಗಲ ಒಂದೇ ಅಲ್ಲ. ಮುಂದಕ್ಕೆ ಹೋಗುವಾಗ ಗಾಲಿ ಕೆಸರನ್ನು ತುಳಿದು ತನ್ನಷ್ಟೇ ಅಗಲದ ಕಾಲುವೆ ತೋಡುತ್ತಾ ಹೋಗಬೇಕು. ಕಾಲುವೆ ಅಗಲವಾದಷ್ಟೂ ಶ್ರಮ ಜಾಸ್ತಿ. ಉದ್ದವಾದ ಗುರುತು ಅದೇ ಕಾಲುವೆಯೊಳಗೇ ಹಿಡಿತ ಹೆಚ್ಚಿಸುತ್ತದೆ. ಪೋಲೆಂಡ್ ಮೂಲದ ಮಿಯೆಚಿಸ್ಲಾವ್ ಬೆಕ್ಕರ್ ಇದನ್ನು ಲೆಕ್ಕ ಹಾಕಿ ತೋರಿಸಿ, ನೆಲ ಮತ್ತು ಗಾಲಿಯ ಸಂಬಂಧಕ್ಕೇ ಒಂದು ವಿಜ್ಞಾನ ಕಟ್ಟಿದರು. 1971ರಲ್ಲಿ ಅಪೋಲೋ 15ರ ಜೊತೆ ಚಂದ್ರನಿಗೆ ಹೋದ ಗಾಡಿಯ ವಿನ್ಯಾಸದಲ್ಲೂ ಅವರ ಕೈ ಇತ್ತು. ಗಾಳಿಯೇ ಇಲ್ಲದ ಆ ತಂತಿ ಬಲೆಯ ಚಕ್ರಗಳು ಕೂಡ ನೆಲಕ್ಕೆ ತಾಗಿದಲ್ಲಿ ಬಾಗುತ್ತಿದ್ದವು ಎಂಬುದು ನನಗೆ ಇವತ್ತಿಗೂ ರೋಮಾಂಚನದ ವಿಷಯ.

ಕೆಸರು ತೆಳುವಾಗಿದ್ದು ಒಂದು ಗೇಣು ಕೆಳಗೆ ಗಟ್ಟಿ ನೆಲ ಇದ್ದರೆ ಕಿರಿದಾದ ಟೈರೇ ಲೇಸು. ಅದು ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಎರಡನೇ ಮಹಾಯುದ್ಧದ ಜೀಪಿನ ಟೈರುಗಳ ಅಗಲ ಬರೀ 6 ಇಂಚು. ತಳವೇ ಸಿಗದ ಜೌಗು ನೆಲದಲ್ಲಿ ಮಾತ್ರ ಅಗಲಕ್ಕೆ ಬೆಲೆ ಬರುತ್ತದೆ, ಅದೂ ಗಾಳಿ ಇಳಿಸಿದರೆ.

ಮಡ್ ಟೈರಿನ ಮೈಮೇಲೆ ಉಬ್ಬಿದ ರಬ್ಬರ್ ತುಂಡುಗಳ, ಅಂದರೆ ಲಗ್‌ಗಳ ನಡುವಿನ ದೊಡ್ಡ ಸಂದಿ ನೋಡಿ. ಆ ಸಂದಿ ಕೆಸರಿನಿಂದ ಮೆತ್ತಿಕೊಂಡರೆ ಟೈರ್ ನುಣ್ಣಗಾದಂತೆಯೇ. ಕೆಸರನ್ನು ಕಿತ್ತೆಸೆಯುವುದು ಚಕ್ರದ ತಿರುಗುವ ವೇಗ. 35 ಇಂಚಿನ ಟೈರಿನ ಅಂಚು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ ಕೆಸರನ್ನು ಹೊರಕ್ಕೆ ದೂಡುವ ಬಲ ಅದರ ತೂಕದ ಎರಡು ಪಟ್ಟೂ ಇಲ್ಲ. ವೇಗ 30 ಆದರೆ ಅದು 16 ಪಟ್ಟು. ವೇಗ ಮೂರು ಪಟ್ಟು ಏರಿದರೆ ಬಲ ಒಂಬತ್ತು ಪಟ್ಟು ಏರುತ್ತದೆ. ಅನುಭವಿ ಚಾಲಕರು ಗಾಡಿ ನಿಲ್ಲುವ ಮುಂಚೆ ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತುವುದು ಇದಕ್ಕೇ. ಗಾಡಿ ಪೂರ್ತಿ ನಿಂತ ಮೇಲೂ ಒತ್ತುತ್ತಲೇ ಇದ್ದರೆ ಗುಂಡಿ ತೋಡಿದಂತೆ.

ದೊಡ್ಡ ಟೈರಿಗೆ ತೆರಬೇಕಾದ ಬೆಲೆಯೂ ಇದೆ. 31 ಇಂಚಿನಿಂದ 35ಕ್ಕೆ ಹೋದರೆ ಆಕ್ಸಲ್ 2 ಇಂಚು ಮೇಲೇರುತ್ತದೆ. ಆಕ್ಸಲ್ ನಡುವೆ ಕೆಳಕ್ಕೆ ಉಬ್ಬಿಕೊಂಡಿರುವ ಗೇರಿನ ಗೂಡು, ಅಂದರೆ ಡಿಫರೆನ್ಶಿಯಲ್, ಅದರ ಅಡಿಯ ಜಾಗ ಹೆಚ್ಚುತ್ತದೆ. ಗಾಡಿ ಎತ್ತರಿಸಲು ಹಾಕಿಸುವ ಲಿಫ್ಟ್ ಕಿಟ್ ಎತ್ತುವುದು ಬಾಡಿಯನ್ನು ಮಾತ್ರ, ಆಕ್ಸಲನ್ನಲ್ಲ. ಆದರೆ ಅದೇ ಎಂಜಿನ್ ನೆಲಕ್ಕೆ ಕೊಡುವ ತಳ್ಳುಬಲ ಶೇಕಡಾ 11ರಷ್ಟು ಇಳಿಯುತ್ತದೆ. ಬ್ರೇಕಿನ ಹಿಡಿತವೂ ಅಷ್ಟೇ ಕಮ್ಮಿಯಾಗುತ್ತದೆ. ಸ್ಪೀಡೋಮೀಟರ್ ಸರಿಮಾಡಿಸದಿದ್ದರೆ ಮುಳ್ಳು 60 ತೋರಿಸುವಾಗ ಗಾಡಿ 67ರ ಮೇಲೆ ಓಡುತ್ತಿರುತ್ತದೆ. ಇಳಿದ ತಳ್ಳುಬಲವನ್ನು ಮರಳಿ ಪಡೆಯಲು ಡಿಫರೆನ್ಶಿಯಲ್ ಗೇರ್ ಬದಲಿಸುವ ಖರ್ಚನ್ನೂ ಟೈರಿನ ಬೆಲೆಗೆ ಸೇರಿಸಿಯೇ ನೋಡಿ. ಅದು ಆಗದಿದ್ದರೆ 33 ಇಂಚಿಗೆ ನಿಲ್ಲಿಸಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಏರ್ ಕಂಪ್ರೆಸರ್ ಕೊಳ್ಳಿ. ಕೆಸರು ದಾಟಿದ ಮೇಲೆ ಗಾಳಿ ತುಂಬದೆ ಡಾಂಬರಿನ ಮೇಲೆ ಓಡಿಸಿದರೆ ಟೈರಿನ ಗೋಡೆ ಬಾಗಿ ಬಾಗಿ ಕಾದು ಸಿಡಿಯಬಹುದು. ಮಳೆಯಲ್ಲಿ ನೆನೆದ ಡಾಂಬರಿನ ಮೇಲಂತೂ ನಿಧಾನ ಹೋಗಿ. ಮಡ್ ಟೈರಿನಲ್ಲಿ ರಸ್ತೆಗೆ ತಾಗುವ ರಬ್ಬರ್ ಕಡಿಮೆ, ನೀರಿನ ತೆಳು ಪದರವನ್ನು ಕತ್ತರಿಸುವ ಸಣ್ಣ ಸೀಳುಗಳೂ ಕಡಿಮೆ. ಆಳ ಕೆಸರಿನಲ್ಲಿ ನುಗ್ಗುವ ಅದೇ ಟೈರಿಗೆ ಒದ್ದೆ ರಸ್ತೆಯಲ್ಲಿ ನಿಲ್ಲಲು ಸಾಮಾನ್ಯ ಟೈರಿಗಿಂತ ಜಾಸ್ತಿ ದೂರ ಬೇಕು.